3407ನೆಯ ಕಾಗದ

2016ರ ನವೆಂಬರ್ 8ರ ರಾತ್ರಿ ಎಲ್ಲಿದ್ದಿರಿ ಎಂದು ಯಾರನ್ನೇ ಕೇಳಿ, ನೆನಪಿದೆ. ಟಿ.ವಿ. ಮುಂದೆ ಕುಳಿತವರು, ಅಂಗಡಿಯ ಷಟರ್ ಎಳೆಯುತ್ತಿದ್ದವರು, ಮಗಳ ಮದುವೆಗೆಂದು ಅಂದೇ ಬ್ಯಾಂಕಿನಿಂದ ದುಡ್ಡು ತಂದು ಬೀರುವಿನಲ್ಲಿಟ್ಟವರು. ಐನೂರು ಮತ್ತು ಸಾವಿರದ ನೋಟುಗಳು ಮಧ್ಯರಾತ್ರಿಯಿಂದ ನಡೆಯುವುದಿಲ್ಲ ಎಂಬ ಭಾಷಣ ನೆನಪಿದೆ. ಮರುದಿನದಿಂದ ಶುರುವಾದ ಸಾಲುಗಳು ನೆನಪಿವೆ. ಚಲಾವಣೆಯಲ್ಲಿದ್ದ ಹಣದಲ್ಲಿ ನೂರಕ್ಕೆ 86 ಪಾಲು, ಸುಮಾರು 15.4 ಲಕ್ಷ ಕೋಟಿ ರೂಪಾಯಿ, ಒಂದೇ ರಾತ್ರಿಯಲ್ಲಿ ಬೆಲೆ ಕಳೆದುಕೊಂಡಿತು. ಆದರೆ 3407 ಎಂಬ ಸಂಖ್ಯೆ ಯಾರಿಗೂ ನೆನಪಿಲ್ಲ.

ನೋಟುಗಳನ್ನು ರದ್ದು ಮಾಡಿದ್ದು ಭಾಷಣವಲ್ಲ. ಭಾರತದ ರಾಜಪತ್ರದ ವಿಶೇಷ ಸಂಚಿಕೆಯಲ್ಲಿ ಅಚ್ಚಾದ ಒಂದು ಅಧಿಸೂಚನೆ ಆ ಕೆಲಸ ಮಾಡಿತು. ಅದರ ತಲೆಯ ಮೇಲೆ ಎಸ್.ಒ. 3407(ಇ) ಎಂದಿದೆ. ಎಸ್.ಒ. ಎಂದರೆ ಶಾಸನಬದ್ಧ ಆದೇಶ, ‘ಇ’ ಎಂದರೆ ವಿಶೇಷ ಸಂಚಿಕೆ. ಈ ಎಣಿಕೆ ಪ್ರತಿ ವರ್ಷ ಜನವರಿಯಲ್ಲಿ ಒಂದರಿಂದ ಶುರುವಾಗುತ್ತದೆ. ಹಾಗಾದರೆ ಆ ವರ್ಷ ಅದಕ್ಕೂ ಮೊದಲೇ ಇಂಥ 3406 ಕಾಗದಗಳು ಹೊರಬಿದ್ದಿದ್ದವು. ಅಂದಿಗೆ ವರ್ಷದ 313ನೆಯ ದಿನ. ಭಾಗಿಸಿ ನೋಡಿದರೆ ದಿನಕ್ಕೆ ಸುಮಾರು ಹನ್ನೊಂದು, ಭಾನುವಾರ, ದೀಪಾವಳಿ, ಗಣರಾಜ್ಯೋತ್ಸವಗಳನ್ನೂ ಸೇರಿಸಿ.

ಇದರಲ್ಲಿ ಎಲ್ಲವೂ ಶಾಸನವಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಹೆದ್ದಾರಿಗೆ ಯಾವುದೋ ಊರಿನ ಸರ್ವೆ ನಂಬರುಗಳನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಕಟಣೆ, ಅಧಿಕಾರಿಯೊಬ್ಬರ ನೇಮಕ, ಇಂಥವೂ ಈ ಸಾಲಿನಲ್ಲೇ ಬರುತ್ತವೆ. ಆದರೆ ಪಕ್ಕದಲ್ಲೇ ಜಿ.ಎಸ್.ಆರ್. ಎಂಬ ಇನ್ನೊಂದು ಸಾಲು ಬೇರೆಯೇ ಎಣಿಕೆಯಲ್ಲಿ ಓಡುತ್ತಿರುತ್ತದೆ. ಕಾಯ್ದೆಗಳಡಿಯ ನಿಯಮಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಲ್ಲಿ. ಎರಡನ್ನೂ ಕೂಡಿಸಿದ ಆ ಪ್ರವಾಹಕ್ಕೆ ಹೋಲಿಸಿದರೆ, ನಾವು ‘ಕಾನೂನು’ ಎಂದು ಪತ್ರಿಕೆಯ ಮುಖಪುಟದಲ್ಲಿ ಓದುವ ಸಂಸತ್ತಿನ ಕಾಯ್ದೆಗಳು ಒಂದು ಸಣ್ಣ ತೊರೆ.

ಎಷ್ಟು ಸಣ್ಣದು? ಆಡಳಿತ ಕಾನೂನಿನ ಪಠ್ಯಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಲೆಕ್ಕವಿದೆ. 1973ರಿಂದ 1977ರವರೆಗಿನ ಐದು ವರ್ಷಗಳಲ್ಲಿ ನಮ್ಮ ಸಂಸತ್ತು ಮಾಡಿದ ಕಾಯ್ದೆಗಳು 302. ಅದೇ ಅವಧಿಯಲ್ಲಿ ಕಾಯ್ದೆಗಳ ಅಡಿಯಲ್ಲಿ ಹೊರಬಿದ್ದ ಆದೇಶ ಮತ್ತು ನಿಯಮಗಳು ಸುಮಾರು 25,414. ಸಂಸತ್ತು ಒಂದು ಕಾನೂನು ಮಾಡುವಷ್ಟರಲ್ಲಿ ಸಚಿವಾಲಯಗಳು 84 ಮಾಡಿದ್ದವು. ಮೊದಲ ಸಲ ಈ ಅಂಕಿ ಓದಿದಾಗ ಅಚ್ಚಿನ ತಪ್ಪಿರಬೇಕು ಎಂದುಕೊಂಡು ನಾನು ಇನ್ನೊಂದು ಪುಸ್ತಕ ತೆರೆದು ನೋಡಿದ್ದೆ. ಅಲ್ಲೂ ಅದೇ ಸಂಖ್ಯೆ.

ಆ 25,414ನ್ನು ಐದರಿಂದ ಭಾಗಿಸಿದರೆ ವರ್ಷಕ್ಕೆ ಐದು ಸಾವಿರ ಚಿಲ್ಲರೆ. ಒಂದೊಂದನ್ನು ಓದಿ, ಮೂಲ ಕಾಯ್ದೆಯ ಜೊತೆ ತಾಳೆ ನೋಡಲು ಬರೀ ಅರ್ಧ ಗಂಟೆ ಸಾಕು ಎಂದುಕೊಳ್ಳೋಣ. (ಸಾಲದು. ತೆರಿಗೆಯ ಒಂದು ನಿಯಮವನ್ನು ಅರ್ಧ ಗಂಟೆಯಲ್ಲಿ ಅರ್ಥ ಮಾಡಿಕೊಂಡವರನ್ನು ನಾನು ಕಂಡಿಲ್ಲ.) ಆದರೂ 2500 ಗಂಟೆ ಮೀರುತ್ತದೆ. 2019ರಿಂದ 2024ರವರೆಗಿನ ಹದಿನೇಳನೆಯ ಲೋಕಸಭೆ ಐದು ವರ್ಷಗಳಲ್ಲಿ ಸೇರಿದ್ದು 274 ದಿನ, ವರ್ಷಕ್ಕೆ ಸರಾಸರಿ 55. ದಿನಕ್ಕೆ ಆರು ಗಂಟೆ ಎಂದರೂ 330 ಗಂಟೆ. ಎಪ್ಪತ್ತರ ದಶಕದ ಒಂದು ವರ್ಷದ ನಿಯಮಗಳನ್ನು ಓದಿ ಮುಗಿಸಲು ಆ ಲೋಕಸಭೆಗೆ, ಬೇರೆ ಯಾವ ಕೆಲಸವನ್ನೂ ಮಾಡದೆ, ಪ್ರಶ್ನೆ ಕೇಳದೆ, ಬಜೆಟ್ ಚರ್ಚಿಸದೆ, ಏಳೂವರೆ ವರ್ಷಕ್ಕೂ ಹೆಚ್ಚು ಬೇಕಿತ್ತು. ಒಂದು ಲೋಕಸಭೆಯ ಆಯುಷ್ಯವೇ ಐದು ವರ್ಷ. 1952ರಲ್ಲಿ ಬಂದ ಮೊದಲ ಲೋಕಸಭೆ 677 ದಿನ ಸೇರಿತ್ತು. ಅದಕ್ಕೂ ಒಂದು ವರ್ಷದ ನಿಯಮಗಳನ್ನು ಓದಲು ಮೂರು ವರ್ಷಕ್ಕೂ ಹೆಚ್ಚು ಬೇಕಾಗುತ್ತಿತ್ತು.

ಹಾಗೆಂದು ಇದನ್ನು ಯಾರೋ ನಡೆಸಿದ ಪಿತೂರಿ ಎಂದುಕೊಳ್ಳಬಾರದು. ಪ್ಲಾಸ್ಟಿಕ್ ಕೈಚೀಲದ ದಪ್ಪ 75 ಮೈಕ್ರಾನ್ ಇರಬೇಕೋ 120 ಮೈಕ್ರಾನ್ ಇರಬೇಕೋ ಎಂದು 543 ಮಂದಿ ಮತ ಹಾಕಿ ತೀರ್ಮಾನಿಸುವುದು ಸಾಧ್ಯವೂ ಅಲ್ಲ, ಒಳ್ಳೆಯದೂ ಅಲ್ಲ. ಅದಕ್ಕೇ ಕಾಯ್ದೆಯಲ್ಲಿ ‘ನಿಯಮಿಸಬಹುದಾದಂಥ’ ಎಂಬ ಒಂದು ಪದವಿರುತ್ತದೆ. ನಿಯಮಿಸಬಹುದಾದಂಥ ನಮೂನೆ, ನಿಯಮಿಸಬಹುದಾದಂಥ ಶುಲ್ಕ, ನಿಯಮಿಸಬಹುದಾದಂಥ ರೀತಿ. ಶಾಸನಸಭೆ ಅಲ್ಲಿ ಒಂದು ಖಾಲಿ ಜಾಗ ಬಿಟ್ಟು, ಅದನ್ನು ನೀವು ತುಂಬಿ ಎಂದು ಸರ್ಕಾರಕ್ಕೆ ಹೇಳುತ್ತದೆ. ಹಾಗೆ ತುಂಬಿದ್ದೇ ಅಧೀನ ಶಾಸನ. ಸಂವಿಧಾನದ 13ನೆಯ ಅನುಚ್ಛೇದ ‘ಕಾನೂನು’ ಎಂಬ ಶಬ್ದದೊಳಗೆ ಆದೇಶ, ಉಪವಿಧಿ, ನಿಯಮ, ವಿನಿಯಮ, ಅಧಿಸೂಚನೆ ಎಲ್ಲವನ್ನೂ ಸೇರಿಸಿದೆ. ಮುರಿದರೆ ದಂಡ ಬೀಳುತ್ತದೆ, ಕಾಯ್ದೆ ಹಾಗೆ ಹೇಳಿದ್ದರೆ ಜೈಲೂ ಆಗುತ್ತದೆ. ಅಧೀನ ಎಂಬ ಹೆಸರಿನಿಂದ ಅದರ ಪೆಟ್ಟು ಕಡಿಮೆಯಾಗುವುದಿಲ್ಲ.

ಆ ಖಾಲಿ ಜಾಗ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ನನಗೆ ಸದಾ ನೆನಪಾಗುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆ. ಭೋಪಾಲದ ದುರಂತದ ಬೆನ್ನಿಗೆ ಬಂದ ಈ ಕಾಯ್ದೆಯಲ್ಲಿ ಆಗ ಇದ್ದದ್ದು ಬರೀ 26 ಸೆಕ್ಷನ್‌ಗಳು. ಒಂದು ಕಾಫಿ ಕುಡಿಯುವಷ್ಟರಲ್ಲಿ ಓದಿ ಮುಗಿಸಬಹುದು. ಈಗ ಅದರ ನೆರಳು ಎಲ್ಲೆಲ್ಲಿ ಬೀಳುತ್ತದೆ ನೋಡಿ. ಆಸ್ಪತ್ರೆಯ ತ್ಯಾಜ್ಯ, ಹಳೆಯ ಬ್ಯಾಟರಿ, ಕೆಟ್ಟ ಮೊಬೈಲು, ಊರಿನ ಕಸ, ಕೆರೆ ಮತ್ತು ಜೌಗು, ಸಮುದ್ರ ತೀರದ ಕಟ್ಟಡ, ಗಣಿ, ಅಣೆಕಟ್ಟೆ, ವಿದ್ಯುತ್ ಸ್ಥಾವರ. ಎಲ್ಲಕ್ಕೂ ಕಾಗದ ಹೊರಟದ್ದು ಈ 26 ಸೆಕ್ಷನ್‌ಗಳ ಬುಡದಿಂದ.

ಕರಾವಳಿಯವರಿಗೆ ಇನ್ನೊಂದು ಗೊತ್ತು. ಸಂಜೆ ಚೌಕಿಯಲ್ಲಿ ಬಣ್ಣ ಹಚ್ಚಿ, ಬೆಳಗಿನ ಮಂಗಳದವರೆಗೆ ನಡೆಯುತ್ತಿದ್ದ ಯಕ್ಷಗಾನದ ಹರಕೆಯಾಟಗಳು ಈಚೆಗೆ ಅನೇಕ ಕಡೆ ಕಾಲಮಿತಿಗೆ ಇಳಿದಿವೆ. ಕಾರಣಗಳು ಹಲವು. ಒಂದು ಕಾರಣ ಮಾತ್ರ ಕಾಗದದಲ್ಲಿದೆ. ಇದೇ ಕಾಯ್ದೆಯಡಿ 2000ದ ಫೆಬ್ರವರಿ 14ರಂದು ಪ್ರಕಟವಾದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ ಹದಿನೈದು ದಿನ, ಅದೂ ಮಧ್ಯರಾತ್ರಿಯವರೆಗೆ ಮಾತ್ರ, ರಾಜ್ಯ ಸರ್ಕಾರ ರಿಯಾಯಿತಿ ಕೊಡಬಹುದು. ಜನವಸತಿಯಲ್ಲಿ ರಾತ್ರಿಯ ಸದ್ದಿನ ಮಿತಿ 45 ಡೆಸಿಬೆಲ್. ಇದು ಕೆಟ್ಟ ನಿಯಮವೆಂದು ನಾನು ಹೇಳಲಾರೆ. ಪರೀಕ್ಷೆಗೆ ಓದುವ ಮಗು, ನಿದ್ದೆಯಿಲ್ಲದ ರೋಗಿ ಈ ನಿಯಮದಿಂದಲೇ ಉಸಿರಾಡುತ್ತಾರೆ, ಸುಪ್ರೀಂ ಕೋರ್ಟು 2005ರಲ್ಲಿ ಇದನ್ನು ಎತ್ತಿಹಿಡಿದೂ ಇದೆ. ಆದರೆ ಶತಮಾನಗಳಿಂದ ಇರುಳಿಡೀ ಆಡಿಕೊಂಡು ಬಂದ ಒಂದು ಕಲೆಯ ಗಡಿಯಾರ ಬದಲಾಗುವ ಹೊತ್ತಿಗೆ ಆ ಪ್ರಶ್ನೆ ಶಾಸನಸಭೆಯಲ್ಲಿ ಮಸೂದೆಯಾಗಿ ಬಂದಿರಲಿಲ್ಲ. 26 ಸೆಕ್ಷನ್‌ಗಳಲ್ಲಿ ಯಕ್ಷಗಾನವೂ ಇಲ್ಲ, ಹತ್ತು ಗಂಟೆಯೂ ಇಲ್ಲ.

ಮಲೆನಾಡಿನವರಿಗೆ ಗೊತ್ತಿರುವುದು ಇನ್ನೂ ದೊಡ್ಡದು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರ ಮಾರ್ಚಿನಿಂದ 2024ರ ಜುಲೈವರೆಗೆ ಆರು ಬಾರಿ ಹೊರಬಂದಿದೆ. ಆರನೆಯದರ ವ್ಯಾಪ್ತಿ ಆರು ರಾಜ್ಯಗಳಲ್ಲಿ 56,825 ಚದರ ಕಿಲೋಮೀಟರ್, ಅದರಲ್ಲಿ ಕರ್ನಾಟಕದ ಪಾಲು 20,668. ಹಾಸನ, ಮಂಡ್ಯ, ಮೈಸೂರು ಮೂರೂ ಜಿಲ್ಲೆಗಳನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ. ಕಾಡು ಉಳಿಯಬೇಕು ಎನ್ನುವವರೂ, ತೋಟ ಉಳಿಯಬೇಕು ಎನ್ನುವವರೂ ಹತ್ತು ವರ್ಷದಿಂದ ಬಡಿದಾಡುತ್ತಿರುವುದು ಒಂದು ಕಾಯ್ದೆಯ ಬಗ್ಗೆಯಲ್ಲ, ಒಂದು ಅಧಿಸೂಚನೆಯ ಕರಡಿನ ಬಗ್ಗೆ.

ಪರಿಸರ ಸಂರಕ್ಷಣಾ ಕಾಯ್ದೆಯ ಕಟ್ಟಕಡೆಯ ಸೆಕ್ಷನ್, ಇಪ್ಪತ್ತಾರನೆಯದು, ನನ್ನ ಮಟ್ಟಿಗೆ ಇಡೀ ಕಾಯ್ದೆಯ ಬಾಗಿಲ ಚಿಲಕ. ಇದರ ಅಡಿಯಲ್ಲಿ ಮಾಡಿದ ಪ್ರತಿಯೊಂದು ನಿಯಮವನ್ನೂ ಸಂಸತ್ತಿನ ಎರಡೂ ಸದನಗಳ ಮುಂದಿಡಬೇಕು, ಒಟ್ಟು 30 ದಿನ ಅದು ಅಲ್ಲಿರಬೇಕು, ಎರಡೂ ಸದನಗಳು ಒಪ್ಪಿ ಬದಲಿಸಿದರೆ ಬದಲಾದಂತೆ, ರದ್ದು ಮಾಡಿದರೆ ರದ್ದಾದಂತೆ. ಹೆಚ್ಚುಕಡಿಮೆ ಇದೇ ಒಕ್ಕಣೆ ನಮ್ಮ ನೂರಾರು ಕಾಯ್ದೆಗಳ ಕೊನೆಯಲ್ಲಿದೆ. ಓದಲು ಚೆನ್ನಾಗಿದೆ. ನಡೆಯುವುದು ಹೇಗೆಂದರೆ, ಪ್ರಶ್ನೋತ್ತರ ಮುಗಿದ ಮೇಲೆ ಸಚಿವರು ಒಬ್ಬೊಬ್ಬರಾಗಿ ಎದ್ದು ಕಾಗದಪತ್ರಗಳನ್ನು ಸದನದ ಮೇಜಿನ ಮೇಲಿಡುತ್ತಾರೆ. ಕೆಲವೇ ನಿಮಿಷ. ಅಷ್ಟರಲ್ಲಿ ನೂರಾರು ಪುಟಗಳ ಕಾನೂನು ಶಾಸನಸಭೆಯ ಕಣ್ಣೆದುರು ಹಾದುಹೋಗಿರುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 26ನೆಯ ಸೆಕ್ಷನ್ ಮಾತಾಡುವುದು ‘ನಿಯಮ’ದ ಬಗ್ಗೆ. ಘಟ್ಟದ ಭವಿಷ್ಯ ಬರೆಯುವ ‘ಅಧಿಸೂಚನೆ’ ಎಂಬ ಶಬ್ದ ಅಲ್ಲಿಲ್ಲ.

ಈ ಪ್ರವಾಹದ ಮುಂದೆ ನಿಲ್ಲಿಸಿರುವುದು ಹದಿನೈದು ಮಂದಿಯನ್ನು.

ಲೋಕಸಭೆಯ ಅಧೀನ ಶಾಸನ ಸಮಿತಿ ಹುಟ್ಟಿದ್ದು 1953ರ ಡಿಸೆಂಬರ್ 1ರಂದು. ಸದಸ್ಯರು ಹದಿನೈದು, ಸ್ಪೀಕರ್ ನೇಮಿಸುತ್ತಾರೆ, ಅವಧಿ ಒಂದು ವರ್ಷ. ಮಂತ್ರಿಗಳು ಇದರಲ್ಲಿ ಇರುವಂತಿಲ್ಲ. ಬರೆದವರೇ ಪರೀಕ್ಷಕರಾಗಬಾರದಲ್ಲ. ರಾಜ್ಯಸಭೆ ತನ್ನದೇ ಸಮಿತಿಯನ್ನು 1964ರಲ್ಲಿ ಮಾಡಿಕೊಂಡಿತು, ಅಲ್ಲೂ ಹದಿನೈದು. ನಮ್ಮ ವಿಧಾನಮಂಡಲದಲ್ಲಿರುವುದು ಅಧೀನ ಶಾಸನ ರಚನಾ ಸಮಿತಿ. ಈ ಹದಿನೈದು ಮಂದಿಗೆ ಇದೊಂದೇ ಕೆಲಸವಲ್ಲ. ಒಬ್ಬೊಬ್ಬರ ಬೆನ್ನ ಹಿಂದೆ ಸರಾಸರಿ ಹದಿನೇಳು ಹದಿನೆಂಟು ಲಕ್ಷ ಮತದಾರರ ಒಂದು ಕ್ಷೇತ್ರವಿದೆ, ಅಲ್ಲಿ ಬೋರ್‌ವೆಲ್ ಇದೆ, ಮದುವೆಯಿದೆ, ರೈಲು ನಿಲುಗಡೆಯ ಅರ್ಜಿಯಿದೆ. ಎಪ್ಪತ್ತರ ದಶಕದ ಲೆಕ್ಕವನ್ನೇ ಹಿಡಿದರೂ ತಲೆಗೆ ವರ್ಷಕ್ಕೆ 339 ನಿಯಮ. ಸಮಿತಿಗಾಗಿ ದುಡಿಯುವ ಸಚಿವಾಲಯದ ಸಿಬ್ಬಂದಿ ಮೊದಲು ಓದಿ, ಎಡವಟ್ಟಿದೆಯೆನಿಸಿದ್ದನ್ನು ಗುರುತು ಹಾಕಿ ಮುಂದಿಡದಿದ್ದರೆ ಈ ಕೆಲಸ ಒಂದು ವಾರವೂ ನಡೆಯದು.

ಅವರು ಹುಡುಕುವುದೇನು? ಲೋಕಸಭೆಯ ನಡಾವಳಿ ನಿಯಮಗಳಲ್ಲಿ ಅದರ ಪಟ್ಟಿಯಿದೆ. ಅದರಲ್ಲಿ ಕೆಲವು ಪ್ರಶ್ನೆಗಳು ಎಷ್ಟು ನೇರವಾಗಿವೆಯೆಂದರೆ ಯಾವ ಹಳ್ಳಿಯ ಹಿರಿಯರೂ ಕೇಳಬಹುದಾದಂಥವು. ಕಾಯ್ದೆ ಕೊಟ್ಟ ಅಧಿಕಾರದೊಳಗೇ ಇದ್ದೀರಾ? ಕಾಯ್ದೆಯಲ್ಲೇ ಬರಬೇಕಾದ್ದನ್ನು ನಿಯಮದಲ್ಲಿ ತೂರಿಸಿದ್ದೀರಾ? ಹೇಳದೆ ತೆರಿಗೆ ಹಾಕಿದ್ದೀರಾ? ನ್ಯಾಯಾಲಯದ ಬಾಗಿಲು ಮುಚ್ಚಿದ್ದೀರಾ? ನಿನ್ನೆ ಮಾಡಿದ್ದಕ್ಕೆ ಇವತ್ತಿನ ನಿಯಮ ಹಚ್ಚುತ್ತಿದ್ದೀರಾ? ಪ್ರಕಟಿಸಲು, ಸದನದ ಮುಂದಿಡಲು ಯಾಕೆ ತಡವಾಯಿತು? ಈ ನಿಯಮ ಒಳ್ಳೆಯದೋ ಕೆಟ್ಟದೋ ಎಂಬ ರಾಜಕೀಯದ ಪ್ರಶ್ನೆ ಆ ಪಟ್ಟಿಯಲ್ಲಿಲ್ಲ. ಸಮಿತಿಯ ಬಲ ಇರುವುದೂ ಅಲ್ಲೇ ಎಂದು ನನ್ನ ನಂಬಿಕೆ. ಆಳುವ ಪಕ್ಷದವರೂ ವಿರೋಧ ಪಕ್ಷದವರೂ ಒಂದೇ ಮೇಜಿನ ಸುತ್ತ ಕುಳಿತು ಸಚಿವಾಲಯದ ಕಾರ್ಯದರ್ಶಿಯನ್ನು ಎದುರಿಗೆ ಕೂರಿಸಿಕೊಂಡು, ಈ ‘ಅಥವಾ’ ಯಾಕೆ ಬಂತು, ಈ ‘ಮೊದಲಾದ’ ಎಂದರೆ ಏನೇನು ಎಂದು ಕೇಳಲು ಸಾಧ್ಯವಾಗುವುದು ಅದರಿಂದ. ಕ್ಯಾಮೆರಾ ಇಲ್ಲದ ಕೋಣೆ ಅದು.

ಆದರೆ ಸಮಿತಿ ಹೇಳಿದ್ದನ್ನು ಸರ್ಕಾರ ಕೇಳಲೇಬೇಕೆಂದಿಲ್ಲ. ಅದು ಕೊಡುವುದು ಶಿಫಾರಸು. ಸದನದ ಮುಂದಿಡಬೇಕು ಎಂಬ ಷರತ್ತೇ ಇಲ್ಲದ ಹಳೆಯ ಕಾಯ್ದೆಗಳಿಗೆ ಆ ಷರತ್ತು ಸೇರಿಸಿ ಎಂದು ಸಮಿತಿಗಳು ಹೇಳುತ್ತ ಬಂದವು. ಹಲವು ಕಾಯ್ದೆಗಳನ್ನು ಒಟ್ಟಿಗೇ ತಿದ್ದುವ ಕಾನೂನು ಬಂದದ್ದು 1983ರಲ್ಲಿ. ಸಮಿತಿ ಹುಟ್ಟಿ ಆಗಲೇ ಮೂವತ್ತು ವರ್ಷ. ಅದೂ ಸಾಲದೆ 1985ರಲ್ಲಿ ಇನ್ನೊಂದು ತಿದ್ದುಪಡಿ, 2004ರಲ್ಲಿ ಮತ್ತೊಂದು.

ಸಮಿತಿಯ ಕಣ್ಣು ಎಷ್ಟು ಚುರುಕಾಗಿರಬಹುದು, ಕೈ ಎಷ್ಟು ಸೋಲಬಹುದು ಎಂಬುದಕ್ಕೆ ಒಂದೇ ಕಥೆ ಸಾಕು. 2011ರ ಏಪ್ರಿಲ್ 11ರಂದು ಜಿ.ಎಸ್.ಆರ್. 314(ಇ) ಎಂಬ ಕಾಗದ ಹೊರಬಂತು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಂತರ್ಜಾಲದ ಮಧ್ಯವರ್ತಿಗಳಿಗೆ, ಅಂದರೆ ನಾವು ಬರೆದದ್ದನ್ನು ಹಿಡಿದಿಟ್ಟುಕೊಂಡು ಹಂಚುವ ಕಂಪನಿಗಳಿಗೆ, ಮಾರ್ಗಸೂಚಿ. ಯಾರಾದರೂ ದೂರು ಕೊಟ್ಟರೆ 36 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. ಎಂಥ ಬರಹದ ಮೇಲೆ? ತೀವ್ರ ಹಾನಿಕರವಾದ, ಕಿರುಕುಳ ಕೊಡುವ, ದೈವನಿಂದೆಯ, ಹೀಗಳೆಯುವ... ಪಟ್ಟಿ ಉದ್ದವಿತ್ತು. ‘ಹೀಗಳೆಯುವುದು’ ಎಂದರೇನು? ಒಂದು ಸಿನಿಮಾ ಚೆನ್ನಾಗಿಲ್ಲ ಎಂದು ಬರೆದರೆ ಹೀಗಳೆದಂತೆಯೋ? ನಿಯಮದಲ್ಲಿ ಉತ್ತರವಿರಲಿಲ್ಲ. ಆ ದಿನಗಳಲ್ಲೇ ದೇಶದ ಕೋಟ್ಯಂತರ ಜನ ಮೊಬೈಲಿನಲ್ಲಿ ಬರೆಯಲು ಕಲಿಯುತ್ತಿದ್ದರು, ಕನ್ನಡ ಲಿಪಿ ಫೋನುಗಳಲ್ಲಿ ನಿಧಾನವಾಗಿ ಮೂಡುತ್ತಿತ್ತು.

ಸದನದ ಮುಂದಿಟ್ಟ ನಿಯಮವನ್ನು ರದ್ದು ಮಾಡುವ, 30 ದಿನಗಳ ಆ ಹತಾರವನ್ನು ಯಾರಾದರೂ ಕೈಗೆತ್ತಿಕೊಳ್ಳುವುದೇ ವಿರಳ. ಈ ಬಾರಿ ರಾಜ್ಯಸಭೆಯಲ್ಲಿ ಕೇರಳದ ಪಿ. ರಾಜೀವ್ ಎತ್ತಿಕೊಂಡರು. ಆ ನಿಯಮಗಳನ್ನು ರದ್ದುಗೊಳಿಸಬೇಕೆಂಬ ಅವರ ನಿರ್ಣಯ 2012ರ ಮೇ 17ರಂದು ಚರ್ಚೆಗೆ ಬಂತು, ಧ್ವನಿಮತದಲ್ಲಿ ಬಿದ್ದುಹೋಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಲೋಕಸಭೆಯ ಅಧೀನ ಶಾಸನ ಸಮಿತಿ ಅದೇ ನಿಯಮಗಳನ್ನು ಎತ್ತಿಕೊಂಡಿತು. ಅಧ್ಯಕ್ಷರಾಗಿದ್ದವರು ಪಿ. ಕರುಣಾಕರನ್, ಕಾಸರಗೋಡಿನ ಸಂಸದರು. ಗಡಿಯ ಆಚೆ ಉಳಿದ ಕನ್ನಡಿಗರೂ ಓಟು ಹಾಕಿ ಕಳಿಸಿದ ಪ್ರತಿನಿಧಿ. 2013ರ ಮಾರ್ಚಿನಲ್ಲಿ ಸಮಿತಿ ಮಂಡಿಸಿದ 31ನೆಯ ವರದಿ ಆ ಶಬ್ದಗಳ ಅಸ್ಪಷ್ಟತೆಯ ಮೇಲೇ ಬೆರಳಿಟ್ಟಿತು. ಬೇರೆ ಕಾನೂನುಗಳಲ್ಲಿ ವ್ಯಾಖ್ಯಾನವಿರುವ ಶಬ್ದಗಳ ಅರ್ಥವನ್ನು ಒಂದೇ ಕಡೆ ತಂದು ನಿಯಮದಲ್ಲೇ ಕೊಡಿ, ಓದುವವನಿಗೆ ಗೊಂದಲ ಉಳಿಸಬೇಡಿ ಎಂದಿತು. ನಿಯಮದ ಆ ಶಬ್ದಗಳು ಹಾಗೇ ಉಳಿದವು. ಕೊನೆಗೆ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೋರ್ಟಿನ ಆದೇಶವೋ ಸರ್ಕಾರದ ಸೂಚನೆಯೋ ಬಂದರೆ ಮಾತ್ರ ಬರಹ ತೆಗೆದರೆ ಸಾಕು ಎಂದು ಅದರ ಹಲ್ಲು ಸಣ್ಣದು ಮಾಡಿತು. ಹದಿನೈದು ಮಂದಿ ಬೆರಳಿಟ್ಟ ನಿಯಮವೇ ಎರಡು ವರ್ಷದ ನಂತರ ನ್ಯಾಯಾಲಯದಲ್ಲಿ ಕುಗ್ಗಿತು.

ಅಧೀನ ಶಾಸನಕ್ಕೆ ಸಮಿತಿ ನೇಮಿಸುವ ಈ ಪದ್ಧತಿಯ ತವರು ಬ್ರಿಟನ್. ಅಲ್ಲಿ ಡೊನೊಮೋರ್ ಸಮಿತಿ ಇಂಥ ಸಮಿತಿಗಳು ಬೇಕೆಂದದ್ದು 1932ರಲ್ಲಿ, ಕಾಮನ್ಸ್ ಸಭೆ ಮಾಡಿಕೊಂಡದ್ದು 1944ರಲ್ಲಿ. ಅಲ್ಲಿನ ಅಂಕಿಯೂ ತಲೆ ತಿರುಗಿಸುವಂಥದೇ. ಸುಮಾರು 65 ವರ್ಷಗಳಲ್ಲಿ ಅಲ್ಲಿನ ಸಂಸತ್ತಿನ ಮುಂದೆ ಬಂದ ಇಂಥ ಶಾಸನಗಳು ಸುಮಾರು 1,69,000 ಎಂದು ಹ್ಯಾನ್ಸರ್ಡ್ ಸೊಸೈಟಿ ಲೆಕ್ಕ ಹಾಕಿದೆ. ಎರಡೂ ಸದನಗಳು ಸೇರಿ ಬೇಡ ಎಂದದ್ದು 17ನ್ನು. ಹತ್ತು ಸಾವಿರಕ್ಕೆ ಒಂದು. ಕಾಮನ್ಸ್ ಸಭೆ ಕೊನೆಯ ಸಲ ಬೇಡ ಎಂದದ್ದು 1979ರ ಅಕ್ಟೋಬರ್ 24ರಂದು, ಸೀಮೆಎಣ್ಣೆಯ ಬೆಲೆಗೆ ಸಂಬಂಧಿಸಿದ ಒಂದು ಆದೇಶಕ್ಕೆ.

ಬರುವ ಕಾಗದದ ಸಂಖ್ಯೆಯಷ್ಟೇ ಬೆರಗು ಹುಟ್ಟಿಸುವುದು ಬಾರದ ಕಾಗದ. ಕಾಯ್ದೆ ಜಾರಿಗೆ ಬಂದ ಆರು ತಿಂಗಳೊಳಗೆ ಅದರ ನಿಯಮಗಳು ಸಿದ್ಧವಾಗಬೇಕು, ಆಗದಿದ್ದರೆ ಈ ಸಮಿತಿಗಳ ಬಳಿ ಬಂದು ಗಡುವು ವಿಸ್ತರಣೆ ಕೇಳಬೇಕು. ಪೌರತ್ವ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿ 10ರಂದು, ನಿಯಮ ಪ್ರಕಟವಾದದ್ದು 2024ರ ಮಾರ್ಚ್ 11ರಂದು. ಆ ಕಾಯ್ದೆಯ ಪರ ವಿರೋಧದ ಮಾತು ಬೇರೆ. ದೇಶವೇ ಬೀದಿಗಿಳಿದು ವಾದಿಸಿದ ಕಾನೂನೊಂದು ನಾಲ್ಕು ವರ್ಷ ಎರಡು ತಿಂಗಳು ನಿಯಮವಿಲ್ಲದೆ ಕುಳಿತಿತ್ತು, ಗೃಹ ಸಚಿವಾಲಯ ಎರಡೂ ಸದನಗಳ ಸಮಿತಿಗಳಿಂದ ಮತ್ತೆ ಮತ್ತೆ ಗಡುವು ಪಡೆಯಿತು. ನಮ್ಮ ಮನೆಬಾಗಿಲಿನ ಉದಾಹರಣೆ ಬೇಕೆಂದರೆ ಗಾಡಿಯ ನಂಬರ್ ಪ್ಲೇಟು ನೋಡಿ. ಅತಿ ಸುರಕ್ಷಿತ ನೋಂದಣಿ ಫಲಕ, ಜನ ಎಚ್‌ಎಸ್‌ಆರ್‌ಪಿ ಎನ್ನುವುದು, ಕೇಂದ್ರದ ಮೋಟಾರು ವಾಹನ ನಿಯಮಗಳೊಳಗೆ ಬಂದದ್ದು 2001ರಲ್ಲಿ. ಕರ್ನಾಟಕದ ಹಳೆಯ ವಾಹನಗಳಿಗೆ ಅದನ್ನು ಕಡ್ಡಾಯ ಮಾಡಿದ ಅಧಿಸೂಚನೆ ಬಂದದ್ದು 2023ರ ಆಗಸ್ಟ್‌ನಲ್ಲಿ. ಒಂದು ಕಾಗದ, ಸುಮಾರು ಎರಡು ಕೋಟಿ ವಾಹನ. ಆಮೇಲೆ ಗಡುವಿನ ಮೇಲೆ ಗಡುವು ಮುಂದಕ್ಕೆ ಹೋದದ್ದು ಎಲ್ಲರಿಗೂ ಗೊತ್ತು.

ಸಮಿತಿಯ ಕಣ್ಣು ತಪ್ಪಿದ್ದು ಕೆಲವು ಸಲ ನ್ಯಾಯಾಲಯದ ಮೆಟ್ಟಿಲೇರುತ್ತದೆ. ಅಲ್ಲಿ ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಎರಡು ತೀರ್ಪುಗಳಿವೆ, ಒಂದೇ ಮನೆಯಿಂದ ಬಂದವು. ಸುದ್ದಿಕಾಗದದ ಮೇಲೆ ಸುಂಕ ಹೇರಿದ ಅಧಿಸೂಚನೆಯನ್ನು ಪತ್ರಿಕೆಗಳು ಪ್ರಶ್ನಿಸಿದಾಗ, 1984ರ ಡಿಸೆಂಬರಿನಲ್ಲಿ ತೀರ್ಪು ಬರೆದವರು ನ್ಯಾಯಮೂರ್ತಿ ಎಂಗಲಗುಪ್ಪೆ ಸೀತಾರಾಮಯ್ಯ ವೆಂಕಟರಾಮಯ್ಯ. ಚುನಾಯಿತ ಶಾಸನಸಭೆ ಮಾಡಿದ ಕಾಯ್ದೆಗೆ ಇರುವ ರಕ್ಷಣೆ ಅಧೀನ ಶಾಸನಕ್ಕೆ ಇಲ್ಲ, ಅದು ಮೂಲ ಕಾಯ್ದೆಗೆ ಹೊಂದದಿದ್ದರೆ, ಕಣ್ಣಿಗೆ ರಾಚುವಷ್ಟು ಮನಸೋಇಚ್ಛೆಯದಾಗಿದ್ದರೆ ಪ್ರಶ್ನಿಸಬಹುದು ಎಂದು ಅವರು ಹೇಳಿದ್ದು ಇಂದಿಗೂ ದೇಶದ ಕೋರ್ಟುಗಳಲ್ಲಿ ಉದ್ಧೃತವಾಗುತ್ತಿದೆ. 38 ವರ್ಷ ಕಳೆದ ಮೇಲೆ, 2023ರ ಜನವರಿ 2ರಂದು, ಅವರ ಮಗಳು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಮುಂದಿದ್ದದ್ದು ಆ 3407ನೆಯ ಕಾಗದ.

ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೆಯ ಸೆಕ್ಷನ್ನಿನ ಎರಡನೆಯ ಉಪವಿಧಿ ‘ಯಾವುದೇ’ ಸರಣಿಯ ನೋಟನ್ನು ಅಧಿಸೂಚನೆಯಿಂದ ರದ್ದು ಮಾಡಬಹುದು ಎನ್ನುತ್ತದೆ. ಆ ‘ಯಾವುದೇ’ ಎಂಬುದರಲ್ಲಿ ‘ಎಲ್ಲ’ವೂ ಸೇರುತ್ತದೆ ಎಂದರು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು. ನಾಗರತ್ನ ಒಬ್ಬರೇ ಇಲ್ಲವೆಂದರು. ಕೇಂದ್ರ ಸರ್ಕಾರ ತಾನೇ ಮುಂದಾಗಿ ಇಷ್ಟು ದೊಡ್ಡ ಹೆಜ್ಜೆ ಇಡುವುದಾದರೆ ಅದು ಸಂಸತ್ತಿನ ಕಾಯ್ದೆಯಿಂದ, ಗುಟ್ಟು ಬೇಕಿದ್ದರೆ ಸುಗ್ರೀವಾಜ್ಞೆಯಿಂದ ಆಗಬೇಕಿತ್ತು, ರಾಜಪತ್ರದ ಅಧಿಸೂಚನೆಯಿಂದ ಅಲ್ಲ ಎಂದು ಬರೆದರು. 15.4 ಲಕ್ಷ ಕೋಟಿ ರೂಪಾಯಿ ಒಂದು ಶಬ್ದದ ಎರಡು ಅರ್ಥಗಳ ನಡುವೆ ನಿಂತಿತ್ತು. ನಾಲ್ಕಕ್ಕೆ ಒಂದರಿಂದ ಕಾಗದ ಉಳಿಯಿತು. ನನಗೆ ಆ ಒಂದು ಮತವೇ ಸರಿ ಎನಿಸುತ್ತದೆ. ಇಡೀ ದೇಶದ ಜೇಬಿಗೆ ಕೈ ಹಾಕುವ ಮಾತನ್ನು ದೇಶ ಆರಿಸಿದ ಸಭೆ ಆಡಬೇಕು.

ಕಾಗದ ಇನ್ನೂ ಕರಡಾಗಿರುವಾಗಲೇ ಅದನ್ನು ಓದುವವರು ಸಿಕ್ಕರೆ ಏನಾಗುತ್ತದೆ ಎಂಬುದನ್ನೂ ಒಮ್ಮೆ ಕಂಡಿದ್ದೇವೆ. ಗಣಿ, ಅಣೆಕಟ್ಟೆ, ಕಾರ್ಖಾನೆಗಳಿಗೆ ಪರಿಸರ ಅನುಮತಿ ಹೇಗೆ ಕೊಡಬೇಕು ಎಂಬ 2006ರ ಅಧಿಸೂಚನೆಯ ಬದಲಿಗೆ ಹೊಸದೊಂದರ ಕರಡು 2020ರ ಮಾರ್ಚಿನಲ್ಲಿ ಹೊರಬಂತು. ಆಕ್ಷೇಪಣೆಗೆ 60 ದಿನ. ಅದೇ ತಿಂಗಳು ದೇಶಕ್ಕೆ ಬೀಗ ಬಿತ್ತು. ಕರಡು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಶರಾವತಿಯ ಹಿನ್ನೀರಿನವರೋ ಸಂಡೂರಿನ ಗಣಿಯ ಪಕ್ಕದವರೋ ಅದನ್ನು ಓದಿ ಆಕ್ಷೇಪಿಸುವುದು ಹೇಗೆ? ಜೂನ್ 30ರಂದು ದೆಹಲಿ ಹೈಕೋರ್ಟು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಿ ಎಂದು ಹೇಳಿ, ಗಡುವನ್ನು ಆಗಸ್ಟ್ 11ಕ್ಕೆ ಮುಂದೂಡಿತು. ಆಗಸ್ಟ್ 5ರಂದು ಬೆಂಗಳೂರಿನಲ್ಲಿ ನಮ್ಮ ಹೈಕೋರ್ಟು, ಪ್ರಾದೇಶಿಕ ಭಾಷೆಗಳಲ್ಲಿ ಪ್ರಚಾರವಾಗಿಲ್ಲ ಎಂಬ ಕಾರಣಕ್ಕೆ, ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ಕೊಟ್ಟಿತು.

ಅಷ್ಟು ಹೊತ್ತಿಗೆ ಜನ ಬರೆಯತೊಡಗಿದ್ದರು. ವಿದ್ಯಾರ್ಥಿಗಳು, ರೈತರು, ವಕೀಲರು, ಪಕ್ಷಿ ನೋಡುವವರು. ಗಡುವು ಮುಗಿಯುವಾಗ ಸಚಿವಾಲಯಕ್ಕೆ ತಲುಪಿದ್ದ ಆಕ್ಷೇಪಣೆ ಸಲಹೆಗಳು 15 ಲಕ್ಷಕ್ಕೂ ಹೆಚ್ಚು. ಆ ಕರಡು ಅಂತಿಮವಾಗಲಿಲ್ಲ, 2006ರ ಅಧಿಸೂಚನೆಯೇ ಮೇಲಿಂದ ಮೇಲೆ ತಿದ್ದುಪಡಿಯಾಗುತ್ತ ನಡೆದಿದೆ. ಆ ಹದಿನೈದು ಲಕ್ಷದಲ್ಲಿ ಒಂದು ಪತ್ರ ನನ್ನದು. ಎರಡು ಪುಟ, ಕನ್ನಡದಲ್ಲಿ ಬರೆದಿದ್ದೆ.